ಇನ್‌ಚಾರ್ಜಮ್ಮನಿಗೆ ಬಂದ ಒಂಬತ್ತು ಉತ್ತರಗಳು

ಶಾಲೆಯಲ್ಲಿ ಎಲ್ಲರೂ ಆಕೆಯನ್ನು ಇನ್‌ಚಾರ್ಜಮ್ಮ ಎಂದೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಹೆಸರಿಟ್ಟವನು ಅಟೆಂಡರ್. ಹಳೆಯ ಮುಖ್ಯೋಪಾಧ್ಯಾಯಿನಿ, ಮಕ್ಕಳ ಬಾಯಲ್ಲಿ ದೊಡ್ಡ ಮಿಸ್, ನಿವೃತ್ತರಾದ ದಿನ ಆಡಳಿತ ಮಂಡಳಿಯವರು ಬೀಗದ ಕೈ ಗೊಂಚಲನ್ನು ಈಕೆಯ ಕೈಗೆ ಹಾಕಿ, "ಹೊಸಬರು ಬರೋವರೆಗೂ ನೀವೇ ಇನ್‌ಚಾರ್ಜು" ಎಂದಿದ್ದರು. ಹೊಸಬರು ಬರಲೇ ಇಲ್ಲ. ನಾಲ್ಕು ವರ್ಷವಾಯಿತು. ಮೂವತ್ತೇಳರ ವಯಸ್ಸಿಗೇ ಕಿವಿಯ ಪಕ್ಕ ಬೆಳ್ಳಗಾಯಿತು.

ಕೆಲಸ ಖಾಯಂ ಆಗಬೇಕಾದರೆ ಶಾಲಾ ಆಡಳಿತದಲ್ಲಿ ಸ್ನಾತಕೋತ್ತರ ಪದವಿ ಬೇಕು ಎಂದು ಮಂಡಳಿ ಪತ್ರ ಬರೆಯಿತು. ಹಾಗಾಗಿ ಪ್ರತಿ ಶನಿವಾರ, ಐದು ವರ್ಷದ ಮಗಳನ್ನು ಅತ್ತೆಯ ಮಡಿಲಿಗೆ ಬಿಟ್ಟು, ಒಂದೂವರೆ ಗಂಟೆ ಬಸ್ಸಿನಲ್ಲಿ ಕೂತು ಆಕೆ ಕಾಲೇಜಿಗೆ ಹೋಗುತ್ತಿದ್ದಳು. ಬಸ್ಸು ಹೊರಡುವ ಮೊದಲೇ ಒಂದು ಸಲ ಮನೆಗೆ ಫೋನು. ಇಳಿದ ಮೇಲೆ ಇನ್ನೊಂದು. "ಹಾಲು ಕುಡಿದಳಾ ಅತ್ತೆ?" "ಕುಡಿದಳು ಕಣಮ್ಮ, ನೀನು ಹುಟ್ಟೋಕೆ ಮುಂಚೆನೂ ಮಕ್ಕಳು ಹಾಲು ಕುಡೀತಿದ್ವು." ಅತ್ತೆಯ ಮಾತಿನಲ್ಲಿ ಮುಳ್ಳಿರುತ್ತಿತ್ತು, ಆದರೆ ಮಗು ಮಾತ್ರ ಜೋಪಾನವಾಗಿರುತ್ತಿತ್ತು.

ಆ ತರಗತಿಯಲ್ಲಿದ್ದ ಇಪ್ಪತ್ತು ಜನರೂ ಒಂದಲ್ಲ ಒಂದು ಶಾಲೆಯ ಮುಖ್ಯಸ್ಥರು. ದಿನವೆಲ್ಲ ಬೇರೆಯವರನ್ನು ಬೆಂಚಿನ ಮೇಲೆ ಕೂರಿಸುವವರು ಅಲ್ಲಿ ತಾವೇ ಬೆಂಚಿನ ಮೇಲೆ ಕೂತು ಆಕಳಿಸುತ್ತಿದ್ದರು. ಪಾಠ ಹೇಳುವವರು ಇವರೆಲ್ಲರಿಗಿಂತ ಚಿಕ್ಕ ವಯಸ್ಸಿನ ಉಪನ್ಯಾಸಕರು, ಒಳ್ಳೆಯ ಮನುಷ್ಯ. ಮೂರನೆಯ ಸೆಮಿಸ್ಟರಿನಲ್ಲಿ ಅವರು, "ನಿಮ್ಮ ಶಾಲೆಯ ಒಂದೇ ಒಂದು ತಲೆನೋವು ಆರಿಸ್ಕೊಳ್ಳಿ. ಎಐ ಕೈಲಿ ಅದನ್ನ ಹೇಗೆ ಕಡಿಮೆ ಮಾಡ್ಬೋದು ನೋಡಿ. ದಾಖಲೆ ಸಮೇತ ತಂದು ತೋರ್ಸಿ. ಪದವಿಗೆ ಇದೇ ದೊಡ್ಡ ಪ್ರಾಜೆಕ್ಟು" ಎಂದರು.

ಇನ್‌ಚಾರ್ಜಮ್ಮನ ತಲೆನೋವು ಗೈರುಹಾಜರಿ.

ದೊಡ್ಡ ಮಿಸ್ ಕಾಲದಿಂದ ಶಾಲೆಗೊಂದು ಪದ್ಧತಿಯಿತ್ತು. ಮಗು ಎರಡು ದಿನ ಬರದಿದ್ದರೆ ಮೂರನೆಯ ದಿನ ಬೆಳಗ್ಗೆ ಹತ್ತಕ್ಕೆ ಮುಖ್ಯೋಪಾಧ್ಯಾಯಿನಿ ಖುದ್ದಾಗಿ ಆ ಮನೆಯ ಬಾಗಿಲು ತಟ್ಟಬೇಕು. ಜೊತೆಗೆ ಅಟೆಂಡರ್. ಇಬ್ಬರೂ ಬಿಸಿಲಲ್ಲಿ ಗಲ್ಲಿ ಗಲ್ಲಿ ತಿರುಗಿ, ಮೆಟ್ಟಿಲು ಹತ್ತಿ ಇಳಿದು, ಬರುವಷ್ಟರಲ್ಲಿ ಹನ್ನೊಂದೂವರೆ. "ಈ ಏರಿಯಾದ ನಾಯಿಗಳು ನಮ್ಮನ್ನ ಕಂಡ್ರೆ ಬೊಗಳೋದು ಬಿಟ್ಟು ಹಾಜರಿ ಹೇಳ್ತಾವೆ ಮೇಡಂ" ಎಂದು ಅಟೆಂಡರ್ ನಗಿಸುತ್ತಿದ್ದ. ನಕ್ಕರೂ ಕಾಲುನೋವು ಹೋಗುತ್ತಿರಲಿಲ್ಲ. ಅತ್ತ ಮೇಜಿನ ಮೇಲೆ ಕಾಗದ ಗುಡ್ಡೆ ಬೀಳುತ್ತಿತ್ತು.

ಪ್ರಾಜೆಕ್ಟು ಶುರುವಾದ ಮೇಲೆ ಕೆಲಸ ಹೂವೆತ್ತಿದಷ್ಟು ಹಗುರವಾಯಿತು. ಬೆಳಗ್ಗೆ ಹಾಜರಿ ಪುಸ್ತಕಗಳು ಮೇಜಿಗೆ ಬಂದ ಕೂಡಲೇ ಬರದ ಮಕ್ಕಳ ಪಟ್ಟಿಯನ್ನು ಎಐಗೆ ಕೊಡುವುದು. ಅದು ಒಬ್ಬೊಬ್ಬ ತಾಯಿಗೂ ಬೇರೆ ಬೇರೆ ಕಾಗದ ಬರೆಯುತ್ತಿತ್ತು. ಗದರಿಕೆಯಿಲ್ಲ, ನೋಟೀಸಿನ ಭಾಷೆಯಿಲ್ಲ. "ಇಂದು ತರಗತಿಯಲ್ಲಿ ನಿಮ್ಮ ಮಗನ ಜಾಗ ಖಾಲಿಯಿತ್ತು, ಎಲ್ಲರೂ ನೆನೆಸಿಕೊಂಡೆವು." ಇನ್‌ಚಾರ್ಜಮ್ಮ ಅದನ್ನು ಫೋನಿನಲ್ಲಿ ಕಳಿಸುವಳು. ತಾಯಂದಿರು ಕರಗಿಹೋದರು. ಉತ್ತರಗಳು ಬಂದವು. ಕಾರಣ ಗೊತ್ತಿಲ್ಲದ ಗೈರುಹಾಜರಿ ತಿಂಗಳಿಗೆ ನಲವತ್ತೊಂದು ಇದ್ದದ್ದು ಮೂರಕ್ಕೆ ಇಳಿಯಿತು. ಬಾಗಿಲು ತಟ್ಟುವ ಪದ್ಧತಿಯನ್ನು ಯಾರೂ ನಿಲ್ಲಿಸಲಿಲ್ಲ. ಅದು ತಾನಾಗಿಯೇ ನಿಂತಿತು.

ಪ್ರಾಜೆಕ್ಟಿನ ಇನ್ನೊಂದು ಭಾಗ ಒಂದು ಮಾದರಿ ಪಾಠ. ಐದನೆಯ ತರಗತಿಯ ಮಕ್ಕಳಿಗೆ ಶಾಲೆಯ ಟ್ಯಾಬ್ ಕೊಟ್ಟು, ಎಐ ಕೈಯಲ್ಲಿ ಕಾಗದ ಬರೆಸುವುದು ಹೇಗೆ ಎಂದು ಆಕೆ ತೋರಿಸಿಕೊಟ್ಟಳು. "ಯಾರು ಬರೀತಿದಾರೆ, ಯಾರಿಗೆ, ಯಾಕೆ. ಈ ಮೂರು ಸರಿಯಾಗಿ ಹೇಳಿದ್ರೆ ಸಾಕು, ಅದು ದೊಡ್ಡೋರ ಥರಾನೇ ಬರೆಯುತ್ತೆ."

ಮುಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಆ ಹುಡುಗಿಯನ್ನು ಇಡೀ ಶಾಲೆ ಮಾತಿನಮಲ್ಲಿ ಎನ್ನುತ್ತಿತ್ತು. ಹತ್ತು ವರ್ಷ; ಬಾಯಿ ತೆರೆದರೆ ಅರಳು ಹುರಿದ ಹಾಗೆ ಮಾತು.

"ಮಿಸ್, ಅಮ್ಮನ ಥರ ಬರೀ ಅಂದ್ರೆ ಅಮ್ಮನ ಥರ ಬರೆಯುತ್ತಾ?"

"ಬರೆಯುತ್ತೆ."

"ನಮ್ಮಮ್ಮನ ಥರಾನಾ, ಯಾರದೋ ಅಮ್ಮನ ಥರಾನಾ? ನಮ್ಮಮ್ಮ ಮಾತೇ ಆಡಲ್ಲ ಮಿಸ್, ಬಾಯ್ತುಂಬ ಗುಂಡುಸೂಜಿ."

ತರಗತಿ ಗೊಳ್ಳೆಂದಿತು. ಇನ್‌ಚಾರ್ಜಮ್ಮನೂ ನಕ್ಕಳು. ಹುಡುಗಿಯ ತಾಯಿ ಹೊಲಿಗೆಯಾಕೆ. ಲಾಂಡ್ರಿ ಅಂಗಡಿಯ ಮೇಲಿನ ಕೋಣೆಯಲ್ಲಿ ತಾಯಿ ಮಗಳು ಇಬ್ಬರೇ. ಲಾಂಡ್ರಿಗೆ ಬರುವ ಬಟ್ಟೆಗಳಲ್ಲಿ ಸಡಿಲವಿದ್ದದ್ದನ್ನು ಹಿಡಿಯುವುದು, ಬಿಗಿಯಿದ್ದದ್ದನ್ನು ಬಿಡಿಸುವುದು, ಅಂಚು ಮಡಿಸುವುದು ಏನಿದ್ದರೂ ಆಕೆಯ ಕೈಗೆ. ಶಾಲೆಗೆ ಬಂದಾಗಲೂ ತುಟಿಯ ನಡುವೆ ಒಂದೆರಡು ಸೂಜಿ ಮರೆತೇ ಬಂದಿರುತ್ತಿದ್ದಳು. ಏನು ಕೇಳಿದರೂ "ಹ್ಞೂ ಮಿಸ್." ತಾಯಿ ಆಡದೆ ಉಳಿಸಿದ್ದನ್ನೆಲ್ಲ ಮಗಳು ಆಡಿ ಮುಗಿಸುತ್ತಾಳೆ ಎಂದು ಅಟೆಂಡರ್ ಹೇಳುತ್ತಿದ್ದ. ಆ ದಿನದ ಪಾಠದಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಾಗದ ಬರೆಸಿದವಳೂ ಮಾತಿನಮಲ್ಲಿಯೇ. ಇನ್‌ಚಾರ್ಜಮ್ಮ ಬೆನ್ನು ತಟ್ಟಿದ್ದಳು.

ತಿಂಗಳ ನಂತರ, ಒಂದು ಮಂಗಳವಾರ, ಮಾತಿನಮಲ್ಲಿ ಬರಲಿಲ್ಲ.

ಹೊಸ ಪದ್ಧತಿಯಂತೆ ತಾಯಿಯ ಫೋನಿಗೆ ಸಂದೇಶ ಹೋಯಿತು. ಅರ್ಧ ಗಂಟೆಯಲ್ಲಿ ಉತ್ತರವೂ ಬಂತು. "ಮಾನ್ಯ ಮಿಸ್ ಅವರಿಗೆ ನಮಸ್ಕಾರ. ನಿಮ್ಮ ಆತ್ಮೀಯ ಸಂದೇಶಕ್ಕೆ ಧನ್ಯವಾದಗಳು. ಮಗಳಿಗೆ ಸ್ವಲ್ಪ ನೆಗಡಿ, ಜ್ವರ ಕಾಣಿಸಿಕೊಂಡಿದೆ. ವಿಶ್ರಾಂತಿ ಕೊಡಿಸುತ್ತಿದ್ದೇನೆ. ಶಾಲೆ ನನ್ನ ಮಗಳನ್ನು ಇಷ್ಟು ಕಾಳಜಿಯಿಂದ ನೆನೆಯುವುದು ತಾಯಿಯಾದ ನನಗೆ ದೊಡ್ಡ ಸಮಾಧಾನ." ಇನ್‌ಚಾರ್ಜಮ್ಮ ಎರಡೆರಡು ಸಲ ಓದಿದಳು. ತಾನು ಮಾಡುತ್ತಿರುವುದು ಸಾರ್ಥಕ ಅನ್ನಿಸಿತು. ಪ್ರಾಜೆಕ್ಟಿನ ಕಡತಕ್ಕೆ ಅದನ್ನು ಸೇರಿಸಿದಳು.

ಗುರುವಾರ ಬೆಳಗ್ಗೆ ಅಟೆಂಡರ್ ಬಾಗಿಲಲ್ಲಿ ನಿಂತ. "ಮೇಡಂ, ಮಾತಿನಮಲ್ಲಿದು ಮೂರನೇ ದಿನ. ಹೋಗ್ಬರೋಣ್ವಾ?"

"ಉತ್ತರ ಬಂದಿದೆಯಲ್ಲ ಅಣ್ಣ. ಜ್ವರವಂತೆ."

"ಉತ್ತರ ಬಂತು ಸರಿ. ಆ ಹುಡುಗಿ ಇಲ್ದೆ ಪ್ರಾರ್ಥನೆ ಹೊತ್ತಲ್ಲಿ ಕಿವಿ ಕಟ್ಟೋದ ಹಾಗಿದೆ ನಂಗೆ. ಸುಮ್ನೆ ಒಂದು ಕಣ್ಣು ಹಾಕ್ಕೊಂಡು…"

"ಮುಂದಿನ ವಾರ ಹೋದ್ರಾಯ್ತು ಬಿಡಿ."

ಆ ದಿನ ಅವಳಿಗೆ ತನ್ನ ಮನೆಯದೇ ಚಿಂತೆ. ಬೆಳಗ್ಗೆ ಮಗಳ ಹಣೆ ಬಿಸಿಯಿತ್ತು. ಪ್ರತಿ ಅರ್ಧ ಗಂಟೆಗೊಮ್ಮೆ ಅತ್ತೆಗೆ ಫೋನು: ಹಣೆ ಮುಟ್ಟಿ ನೋಡಿ, ಕತ್ತಿನ ಹಿಂದೆ ನೋಡಿ, ಅಂಗಾಲು ನೋಡಿ. ತೊಂಬತ್ತೊಂಬತ್ತು ಡಿಗ್ರಿ ಎಂದರೆ ನಂಬದೆ, ಥರ್ಮಾಮೀಟರಿನ ಫೋಟೋ ಕಳಿಸಿ ಎಂದಿದ್ದಳು. ತನ್ನ ಮಗುವಿನ ಜ್ವರಕ್ಕೆ ಫೋಟೋ ಬೇಕಾಗಿತ್ತು. ಇನ್ನೊಂದು ಮಗುವಿನ ಜ್ವರಕ್ಕೆ ಒಂದು ಸೊಗಸಾದ ಕಾಗದ ಸಾಕಾಗಿತ್ತು. ಈ ಲೆಕ್ಕ ಅವಳಿಗೆ ಹೊಳೆದದ್ದು ಆಮೇಲೆ. ಹೊಳೆದ ಮೇಲೆ ಒಂದು ದಿನವೂ ಬಿಟ್ಟುಹೋಗಲಿಲ್ಲ.

ಉತ್ತರಗಳು ಬರುತ್ತಲೇ ಇದ್ದವು. ಜ್ವರ ಇಳಿದಿದೆ, ನಿಶ್ಶಕ್ತಿಯಿದೆ. ಮನೆಯಲ್ಲೇ ಪಾಠ ಓದಿಸುತ್ತಿದ್ದೇನೆ. ನಿಮ್ಮ ತಾಳ್ಮೆಗೆ ಋಣಿ. ಎರಡನೆಯ ಶುಕ್ರವಾರದ ಹೊತ್ತಿಗೆ ಒಂಬತ್ತು ದಿನ, ಒಂಬತ್ತು ಉತ್ತರ.

ಮರುದಿನ ಶನಿವಾರ ಪ್ರಾಜೆಕ್ಟು ಒಪ್ಪಿಸುವ ದಿನ. ಗೋಡೆಯ ಮೇಲೆ ಚಾರ್ಟು ಮೂಡಿತು; ನಲವತ್ತೊಂದರಿಂದ ಮೂರಕ್ಕೆ ಜಾರುವ ಗೆರೆ ನೋಡಿ ಬೆಂಚುಗಳಲ್ಲಿ ಆಕಳಿಕೆ ನಿಂತಿತು. ಹೆಸರು ಅಳಿಸಿದ ಮೂರು ಉತ್ತರಗಳನ್ನು ಅವಳು ಓದಿ ತೋರಿಸಿದಳು. ಮೂರೂ ಹೊಲಿಗೆಯಾಕೆಯವು, ಅದಕ್ಕಿಂತ ಒಳ್ಳೆಯವು ಬೇರೆ ಇರಲಿಲ್ಲ. ಉಪನ್ಯಾಸಕರು, "ಶಾಲೆಗೂ ಮನೆಗೂ ನಡುವೆ ಸೇತುವೆ ಅಂದ್ರೆ ಇದು" ಎಂದರು. ಚಪ್ಪಾಳೆ ಬಿತ್ತು.

ಹಿಂದಿನ ಬೆಂಚಿನಲ್ಲಿ ವಯಸ್ಸಾದ ಮುಖ್ಯೋಪಾಧ್ಯಾಯರೊಬ್ಬರು ಕೂರುತ್ತಿದ್ದರು. ಎಲ್ಲದಕ್ಕೂ ಕೊಕ್ಕೆ ಹಾಕುತ್ತಾರೆಂದು ಅವರಿಗೆ ಕೊಕ್ಕೆ ಸರ್ ಎಂದು ಹೆಸರು. ಅವರು ಎದ್ದು ನಿಂತರು. "ಬರವಣಿಗೆ ತುಂಬ ಚೆನ್ನಾಗಿದೆಯಮ್ಮ. ಈ ತಾಯಿ ಏನು ಮಾಡ್ಕೊಂಡಿದಾರೆ?"

"ಹೊಲಿಗೆ ಕೆಲಸ ಸರ್."

"ಮಾತೂ ಹೀಗೇ ಆಡ್ತಾರಾ?"

ಇನ್‌ಚಾರ್ಜಮ್ಮ ಬಾಯಿ ತೆರೆದಳು. ಕಣ್ಣ ಮುಂದೆ ಆ ಮುಖ ಬಂತು: ಮುಚ್ಚಿದ ತುಟಿ, ತುಟಿಯ ನಡುವೆ ಸೂಜಿ. ಹ್ಞೂ ಮಿಸ್. ಐದು ವರ್ಷದಲ್ಲಿ ಆಕೆಯ ಬಾಯಿಂದ ಎರಡು ವಾಕ್ಯ ಸೇರಿ ಬಂದದ್ದು ನೆನಪಾಗಲಿಲ್ಲ. ಆಮೇಲೆ ಮುಂದಿನ ಬೆಂಚಿನಿಂದ ಮೇಲೆದ್ದ ಆ ಪುಟ್ಟ ಕೈ ನೆನಪಾಯಿತು. ಯಾರು, ಯಾರಿಗೆ, ಯಾಕೆ.

"ಕ್ಷಮ್ಸಿ ಸರ್, ನಾನು ಹೋಗ್ಬೇಕು" ಎಂದವಳೇ ಚೀಲ ಎತ್ತಿಕೊಂಡಳು. ಚಾರ್ಟು ಗೋಡೆಯ ಮೇಲೆ ಹಾಗೇ ಉಳಿಯಿತು.

ಒಂದೂವರೆ ಗಂಟೆಯ ಬಸ್ಸಿನಲ್ಲಿ ಅವಳು ಏಳು ಸಲ ಆ ನಂಬರಿಗೆ ಫೋನು ಮಾಡಿದಳು. ಯಾರೂ ಎತ್ತಲಿಲ್ಲ. ಆದರೆ ಒಂದು ಸಂದೇಶ ಬಂತು. "ಮಾನ್ಯ ಮಿಸ್, ಈಗ ಮಾತನಾಡಲು ಅನುಕೂಲವಿಲ್ಲ. ದಯವಿಟ್ಟು ಅನ್ಯಥಾ ಭಾವಿಸಬೇಡಿ."

ಮಧ್ಯಾಹ್ನ ಮೂರೂವರೆಗೆ ಲಾಂಡ್ರಿಯ ಪಕ್ಕದ ಕಬ್ಬಿಣದ ಮೆಟ್ಟಿಲು ಹತ್ತಿದಳು. ಕೆಳಗೆ ಇಸ್ತ್ರಿ ಮಾಡುತ್ತಿದ್ದ ಲಾಂಡ್ರಿಯವನು, "ಬಟ್ಟೆ ಮುಂದಿನ ವಾರ ಕೊಡ್ತೀನಿ ಅಂತ ಮೆಸೇಜು ಹಾಕಿದಾರೆ ಮೇಡಂ, ಊರಲ್ಲಿದಾರೋ ಇಲ್ವೋ" ಎಂದ. ಮಹಡಿಯ ಬಾಗಿಲು ಚಿಲಕ ಹಾಕಿರಲಿಲ್ಲ.

ಕೋಣೆ ಗುಡಿಸಿ ಒಪ್ಪವಾಗಿತ್ತು. ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿತ್ತು. ಬಾಗಿಲಿಗೆ ಎದುರಾಗಿ ಒಂದು ಮರದ ಕುರ್ಚಿ ಖಾಲಿಯಿತ್ತು. ಮೂಲೆಯ ಹಾಸಿಗೆಯಲ್ಲಿ ತಾಯಿ ಮಲಗಿದ್ದಳು. ಉಸಿರು ಎಳೆದಾಗ ಇಡೀ ಕೋಣೆಗೆ ಕೇಳುತ್ತಿತ್ತು. ಪಕ್ಕದಲ್ಲಿ ಮಾತಿನಮಲ್ಲಿ, ಕೈಯಲ್ಲಿ ಒದ್ದೆ ಬಟ್ಟೆ. ಮಿಸ್ಸನ್ನು ಕಂಡು ಅವಳು ಅಳಲಿಲ್ಲ, ಗಾಬರಿಯಾಗಲಿಲ್ಲ.

ತಾಯಿ ಕಣ್ಣು ಬಿಟ್ಟಳು. ತುಟಿಯಲ್ಲಿ ಸೂಜಿಯಿರಲಿಲ್ಲ. "ಬಂದ್ರಾ ಮಿಸ್" ಎಂದಳು. ಅಷ್ಟೇ.

ಆಂಬುಲೆನ್ಸ್ ಬರುವವರೆಗಿನ ಇಪ್ಪತ್ತು ನಿಮಿಷದಲ್ಲಿ ಹುಡುಗಿ ಎಲ್ಲ ಹೇಳಿದಳು. ಹೇಳಿದ ರೀತಿ ಪಾಠ ಒಪ್ಪಿಸಿದ ಹಾಗಿತ್ತು.

"ಮೊದ್ಲು ಕೆಮ್ಮಿತ್ತು ಮಿಸ್. ಆಮೇಲೆ ಜ್ವರ. ಅಂಗಡಿಯಿಂದ ಮಾತ್ರೆ ತಂದ್ಕೊಟ್ಟೆ. ಎಐಗೂ ಕೇಳ್ದೆ, ಬೇಗ ಡಾಕ್ಟರ್ ಹತ್ರ ಹೋಗಿ ಅಂತು. ಅಮ್ಮ ಬೇಡ ಅಂದ್ರು. ಆಸ್ಪತ್ರೆಗೆ ಸೇರಿಸ್ಕೊಂಡ್ರೆ ದೊಡ್ಡಮ್ಮ ಬಂದು ನನ್ನ ಅವ್ರೂರಿಗೆ ಕರ್ಕೊಂಡು ಹೋಗ್ತಾರೆ, ಸ್ಕೂಲು ಬಿಡ್ಬೇಕಾಗುತ್ತೆ, ಯಾರಿಗೂ ಹೇಳ್ಬೇಡ ಅಂದ್ರು."

"ನನಗಾದ್ರೂ ಹೇಳ್ಬಾರ್ದಿತ್ತಾ ಪುಟ್ಟಾ?"

"ನಿಮ್ಗೂ ಹೇಳ್ಬೇಡ ಅಂದ್ರು. ಮಿಸ್ಸು ಮೂರನೇ ದಿನ ಹೇಗೂ ಬರ್ತಾರಲ್ಲ, ಬಂದಾಗ ನಾನೇ ಹೇಳ್ತೀನಿ ಅಂದ್ರು. ಅದಕ್ಕೆ ಗುರುವಾರ ಮನೆ ಗುಡಿಸಿ ಕುರ್ಚಿ ಹಾಕಿಟ್ಟೆ." ಒದ್ದೆ ಬಟ್ಟೆ ಹಿಂಡಿ, "ದಿನಾ ಗುಡಿಸ್ತಿದ್ದೆ ಮಿಸ್" ಎಂದಳು. "ನಿಮ್ಮ ಮೆಸೇಜು ಅಮ್ಮಂಗೆ ಓದಿ ಹೇಳ್ತಿದ್ದೆ, ಉತ್ತರ ಅಮ್ಮನ ಥರ ಬರೀ ಅಂತ ಎಐಗೆ ಹೇಳ್ತಿದ್ದೆ. ಅಮ್ಮ ನಗ್ತಿದ್ರು. ಎಷ್ಟು ಚೆನ್ನಾಗಿ ಬರೀತಾರೆ ಮಿಸ್ಸು ಅಂತಿದ್ರು."

ಇನ್‌ಚಾರ್ಜಮ್ಮ ಕುರ್ಚಿಯಲ್ಲಿ ಕೂರಲಿಲ್ಲ. ಕೂರುವ ಧೈರ್ಯ ಬರಲಿಲ್ಲ. ನೆಲದ ಮೇಲೆ ಕೂತು ಆ ತಾಯಿಯ ಅಂಗಾಲು ಉಜ್ಜುತ್ತಿದ್ದಳು. ಕಾದ ಮೈಯಲ್ಲಿ ಅಂಗಾಲು ಮಾತ್ರ ತಣ್ಣಗಿತ್ತು.

ನ್ಯುಮೋನಿಯಾ, ಎರಡೂ ಕಡೆ ಹರಡಿದೆ ಎಂದರು ಆಸ್ಪತ್ರೆಯಲ್ಲಿ. ಡಾಕ್ಟರು, "ಒಂದು ವಾರ ಮುಂಚೆ ತಂದಿದ್ರೆ…" ಎಂದು ಕಾಗದಕ್ಕೆ ಸಹಿ ಹಾಕಿದರು. ಹೊಲಿಗೆಯಾಕೆ ನಾಲ್ಕು ದಿನ ಬದುಕಿದ್ದಳು. ಬುಧವಾರ ಬೆಳಗ್ಗೆ, ಶಾಲೆಯಲ್ಲಿ ಹಾಜರಿ ಕೂಗುವ ಹೊತ್ತಿಗೆ, ಹೋದಳು. ಆ ನಾಲ್ಕು ದಿನ ಮಾತಿನಮಲ್ಲಿ ಇನ್‌ಚಾರ್ಜಮ್ಮನ ಮನೆಯಲ್ಲಿದ್ದಳು. ಕೊಟ್ಟದ್ದು ತಿಂದಳು, ಹೇಳಿದಲ್ಲಿ ಮಲಗಿದಳು. ಐದು ವರ್ಷದ ಮಗಳು "ಅಕ್ಕ ಯಾಕೆ ಮಾತಾಡಲ್ಲ?" ಎಂದು ಕೇಳಿದಾಗ, ಅತ್ತೆ ಅವಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದರು.

ದೊಡ್ಡಮ್ಮ ಬಂದಳು. ತಾಯಿ ಹೆದರಿದ್ದಂಥ ಹೆಂಗಸೇನಲ್ಲ. ದಣಿದ ಮುಖ, ಒರಟು ಕೈ, ತಂಗಿಯದೇ ಕಣ್ಣು. "ಕಾಯಿಲೆ ಅಂತ ನಂಗೊಂದು ಮಾತು ಹೇಳ್ಬಾರ್ದಿತ್ತಾ? ಮಗೂನ ಎಲ್ಲಿ ಕಿತ್ಕೊಂಡು ಹೋಗ್ತೀನೋ ಅಂತ ಹೆದ್ರಿದ್ಲಂತೆ. ನಾನು ಅವಳ ಅಕ್ಕ ಅಲ್ವಾ?" ಎಂದು ಆಫೀಸಿನಲ್ಲಿ ಕೂತು ಅತ್ತಳು. ವರ್ಗಾವಣೆ ಪತ್ರ ಕೇಳಿದಳು. ಇನ್‌ಚಾರ್ಜಮ್ಮ ಬರೆದುಕೊಟ್ಟಳು. ಹೊಸ ಶಾಲೆಯ ಮುಖ್ಯಸ್ಥರಿಗೊಂದು ಕಾಗದವನ್ನೂ ಇಟ್ಟಳು. ಯಾವ ಯಂತ್ರಕ್ಕೂ ಹೇಳದೆ ಬರೆಯಲು ಕೂತರೆ ಅವಳಿಗೆ ಮೂರು ಸಾಲು ಮಾತ್ರ ಬಂತು: "ಈ ಹುಡುಗಿಗೆ ತಾಯಿಯಿಲ್ಲ. ಇವಳು ಚೆನ್ನಾಗಿದ್ದೇನೆ ಎಂದರೆ ನಂಬಬೇಡಿ. ಹತ್ತಿರ ಹೋಗಿ ನೋಡಿ." ದೊಡ್ಡಮ್ಮ ಅದನ್ನು ಓದದೆ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಹುಡುಗಿ ತಿರುಗಿ ನೋಡಲಿಲ್ಲ. ಅಟೆಂಡರ್ ಗೇಟಿನವರೆಗೆ ಚೀಲ ಹೊತ್ತುಕೊಂಡು ಹೋದ. ಆ ಗುರುವಾರ ತಾನು ಕೇಳಿದ್ದನ್ನು ಅವನು ಎಂದೂ ಎತ್ತಲಿಲ್ಲ. ಒಂದು ಸಲ ಬೈದಿದ್ದರೂ ಅವಳಿಗೆ ಹಗುರವಾಗುತ್ತಿತ್ತೇನೋ.

ಪ್ರಾಜೆಕ್ಟಿಗೆ ತರಗತಿಯಲ್ಲೇ ಹೆಚ್ಚಿನ ಅಂಕ ಬಂದಿತ್ತು. ಅವಳು ಉಪನ್ಯಾಸಕರ ಕೋಣೆಗೆ ಹೋಗಿ, ಹಿಂದಕ್ಕೆ ಕೊಡಿ ಎಂದಳು. ಯಾಕೆಂದು ಹೇಳಿದಳು. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ನೀವು ಯಾವ ಅಂಕಿಸಂಖ್ಯೆನೂ ಸುಳ್ಳು ಹೇಳಿಲ್ಲವಲ್ಲ ಮೇಡಂ."

"ಇಲ್ಲ ಸರ್. ಒಂಬತ್ತು ದಿನಕ್ಕೆ ಒಂಬತ್ತು ಉತ್ತರ ಬಂದಿದ್ದು ನಿಜ. ಕಾರಣ ಗೊತ್ತಿರೋ ಗೈರುಹಾಜರಿ ಅಂತಾನೇ ಬರೆದಿದೀನಿ."

"ಹಾಗಾದ್ರೆ ನಡೆದಿದ್ದನ್ನೂ ಸೇರಿಸಿ ಬರೀರಿ. ಉಳಿದ ಮುಖ್ಯೋಪಾಧ್ಯಾಯರಿಗೆ ಪಾಠ ಆಗುತ್ತೆ. ತಪ್ಪು ನಿಮ್ಮೊಬ್ರದಲ್ಲ, ಇದನ್ನ ಹೇಳ್ಕೊಟ್ಟೋನು ನಾನು."

"ಅವಳ ಅಮ್ಮನ್ನ ನನ್ನ ಪದವಿಗೆ ಒಂದು ಅಧ್ಯಾಯ ಮಾಡ್ಕೊಳ್ಳಲಾ ಸರ್?"

ಅವರು ಕಡತ ಹಿಂದಕ್ಕೆ ಕೊಟ್ಟರು. ಪದವಿ ಅಲ್ಲಿಗೆ ನಿಂತಿತು. ಮಂಡಳಿಯವರು ಗೊಣಗಿಕೊಂಡು, ಮತ್ತೊಂದು ವರ್ಷ ಇನ್‌ಚಾರ್ಜೇ ಇರಿ ಎಂದರು. ಹತ್ತು ಗಂಟೆಗೆ ಅವಳೂ ಅಟೆಂಡರೂ ಮತ್ತೆ ಗಲ್ಲಿ ತಿರುಗತೊಡಗಿದರು. ಮೂರನೆಯ ದಿನವಲ್ಲ, ಮೊದಲನೆಯ ದಿನವೇ. "ಒಂದು ದಿನಕ್ಕೇ ಬಂದ್ಬಿಟ್ರಾ ಮೇಡಂ, ಮಗ ಸುಮ್ನೆ ಸೋಮಾರಿತನಕ್ಕೆ ಮಲಗಿದಾನೆ" ಎಂದು ತಾಯಂದಿರು ನಗುತ್ತಿದ್ದರು. ಅವಳು ಆ ಸೋಮಾರಿ ಹುಡುಗನ ಹಣೆ ಮುಟ್ಟಿ ನೋಡಿಯೇ ಮೆಟ್ಟಿಲಿಳಿಯುತ್ತಿದ್ದಳು.

ಎರಡು ತಿಂಗಳ ಮೇಲೆ ಹೊಸ ಶಾಲೆಗೆ ಫೋನು ಮಾಡಿದಳು. ಗುಮಾಸ್ತ ಎತ್ತಿದ. "ಆ ಹುಡುಗೀನಾ? ತುಂಬ ಸೈಲೆಂಟು ಮೇಡಂ. ಒಂದು ದಿನಾನೂ ತಪ್ಪಿಸಲ್ಲ. ಯಾವ ತೊಂದರೆನೂ ಇಲ್ಲ."

ತುಂಬ ಸೈಲೆಂಟು. ಅವಳು ಫೋನು ಇಟ್ಟ ಮೇಲೂ ಕೈ ಅದರ ಮೇಲೇ ಇತ್ತು. ಆ ಶನಿವಾರ ಬೇರೆ ಬಸ್ಸು ಹತ್ತಿದಳು. ಐದು ಗಂಟೆಯ ದಾರಿ.

ದೊಡ್ಡಮ್ಮನ ಮನೆ ಒಂದು ಉದ್ದ ಸಾಲಿನ ಕೊನೆಯದು. ಬಾಗಿಲು ತೆರೆದವಳಿಗೆ ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು. ಒಳಗೆ ತಿರುಗಿ, "ನೋಡು, ನಿಮ್ಮ ಮಿಸ್ಸು ಬಂದಿದಾರೆ, ಅಷ್ಟು ದೂರದಿಂದ" ಎಂದು ಕೂಗಿದಳು.

ದೊಡ್ಡಮ್ಮ ಒಳಗೆ ಹೋದಳು. ಪಿಸುಮಾತು. ಆಮೇಲೆ ಆ ದನಿ, ತೆಳ್ಳಗೆ, ನಿಧಾನಕ್ಕೆ:

"ಚೆನ್ನಾಗಿದೀನಿ ಅಂತ ಹೇಳು ದೊಡ್ಡಮ್ಮ."

ದೊಡ್ಡಮ್ಮ ಹೊರಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡಳು. "ಬರಲ್ಲ ಅಂತಾಳೆ ಮಿಸ್. ಏನೂ ತಿಳ್ಕೋಬೇಡಿ. ನನ್ ಹತ್ರಾನೂ ಅಷ್ಟೇ, ಕೇಳಿದ್ರೆ ಹ್ಞೂ, ಇಲ್ಲಾಂದ್ರೆ ಅದೂ ಇಲ್ಲ." ನೀರು ತಂದುಕೊಟ್ಟಳು. "ನಿಮ್ಮ ಬಸ್ಸು ಎಷ್ಟೊತ್ತಿಗೆ?"

"ಐದೂವರೆಗೆ."

"ಇನ್ನೂ ಎರಡು ಗಂಟೆ ಇದೆಯಲ್ಲ."

"ಇರ್ಲಿ" ಎಂದಳು ಇನ್‌ಚಾರ್ಜಮ್ಮ. ಬಾಗಿಲ ಹೊರಗಿನ ಮೆಟ್ಟಿಲ ಮೇಲೆ, ಒಳಗಿನವರಿಗೆ ಕಾಣುವ ಹಾಗೆ, ಗೋಡೆಗೊರಗಿ ಕೂತಳು.